ದೆಹಲಿ ಪ್ರವಾಸ: ಗಾಲಿಬ್ ಸಮಾಧಿಯ ಭೇಟಿ ಕುರಿತು

ಮಾನ್ಯ ಪೋಷಕರೇ,

10ನೇ ತರಗತಿಯ ದೆಹಲಿ ಪ್ರವಾಸದ ವೇಳಾಪಟ್ಟಿ ಕೈಸೇರಿದ ಬಳಿಕ ನಿಮ್ಮಲ್ಲಿ ಕೆಲವರು, ಎರಡನೆಯ ದಿನದ ಬೆಳಗನ್ನೆಲ್ಲ ಒಂದು ಸಮಾಧಿಗೆ ಏಕೆ ತೆಗೆದಿರಿಸಿದ್ದೀರಿ, ಆ ಹೊತ್ತಿಗೆ ಕುತುಬ್ ಮಿನಾರನ್ನು ನೋಡಿ ಬರಬಹುದಿತ್ತಲ್ಲವೇ ಎಂದು ವಿಚಾರಿಸಿದ್ದೀರಿ. ಪ್ರಶ್ನೆ ನ್ಯಾಯವಾದದ್ದೇ.

ನಾವು ಹೋಗುವುದು ನಿಜಾಮುದ್ದೀನ್ ಬಸ್ತಿ ಎಂಬ ಹಳೆಯ ಬಡಾವಣೆಯಲ್ಲಿರುವ ಕವಿ ಮಿರ್ಜಾ ಗಾಲಿಬರ ಸಮಾಧಿಗೆ. 1797ರಲ್ಲಿ ಆಗ್ರಾದಲ್ಲಿ ಹುಟ್ಟಿ, ಬಾಳಿನ ಬಹುಪಾಲನ್ನು ದೆಹಲಿಯಲ್ಲಿ ಕಳೆದು, 1869ರ ಫೆಬ್ರವರಿಯಲ್ಲಿ ಅಲ್ಲಿಯೇ ತೀರಿಕೊಂಡ ಈ ಉರ್ದು, ಪಾರಸಿ ಕವಿಯ ಗೋರಿಯನ್ನು ಕಂಡು ಮಕ್ಕಳಿಗೆ ಮೊದಲು ನಿರಾಸೆಯೇ ಆದೀತು. ಪಕ್ಕದಲ್ಲಿಯೇ ಅಕ್ಬರನ ಸಾಕುತಾಯಿಯ ಮಗ ಮಿರ್ಜಾ ಅಜೀಜ್ ಕೋಕಾನ ಸಮಾಧಿ 64 ಕಂಬಗಳ ಅಮೃತಶಿಲೆಯ ಸಭಾಂಗಣದಂತೆ ನಿಂತಿದೆ. ಗಾಲಿಬರದ್ದು ಪುಟ್ಟ ಆವರಣ, ಗೋರಿಯ ಮೇಲೊಂದು ಸಣ್ಣ ಮಂಟಪ, ಅದೂ ಸ್ವಾತಂತ್ರ್ಯಾನಂತರ ಕಟ್ಟಿದ್ದು. ಇಬ್ಬರಲ್ಲಿ ಯಾರ ಹೆಸರು ಮೊದಲೇ ಗೊತ್ತಿತ್ತು ಎಂದು ಅಲ್ಲಿಯೇ ಮಕ್ಕಳನ್ನು ಕೇಳಬೇಕೆಂದಿದ್ದೇನೆ.

1857ರ ದಂಗೆಯನ್ನು ನಮ್ಮ ಮಕ್ಕಳು ಇಸವಿ ಮತ್ತು ನಾಯಕರ ಹೆಸರುಗಳಾಗಿ ಬಾಯಿಪಾಠ ಮಾಡಿದ್ದಾರೆ. ಗಾಲಿಬರು ಆ ತಿಂಗಳುಗಳನ್ನು ದೆಹಲಿಯ ತಮ್ಮ ಮನೆಯಲ್ಲಿಯೇ ಕಳೆದರು, ಕಂಡದ್ದನ್ನು 'ದಸ್ತಂಬೂ' ಎಂಬ ಪಾರಸಿ ದಿನಚರಿಯಲ್ಲಿ ಬರೆದರು; ಅವರ ತಮ್ಮ ಯೂಸುಫ್ ಅದೇ ವರ್ಷ ತೀರಿಕೊಂಡರು, ಬರುತ್ತಿದ್ದ ಪಿಂಚಣಿಯೂ ನಿಂತುಹೋಯಿತು. ಅನಂತರ ಅವರು ಗೆಳೆಯರಿಗೆ ಉರ್ದುವಿನಲ್ಲಿ ಬರೆದ ಪತ್ರಗಳು, ಎದುರಿಗೆ ಕುಳಿತು ಮಾತನಾಡಿದಷ್ಟು ಸರಳವಾಗಿದ್ದು, ಹಾಳುಬಿದ್ದ ಊರನ್ನೂ ಇಲ್ಲವಾದ ಗೆಳೆಯರನ್ನೂ ಮತ್ತೆ ಮತ್ತೆ ನೆನೆಯುತ್ತವೆ. ಪಠ್ಯದ ಒಂದು ಇಸವಿ ಒಬ್ಬ ಮನುಷ್ಯನ ಮನೆಯೊಳಗೆ ಹೇಗೆ ಕಾಲಿಟ್ಟಿತೆಂಬುದನ್ನು ತಿಳಿಸಲು ನನಗೆ ಇದಕ್ಕಿಂತ ಒಳ್ಳೆಯ ಜಾಗ ತೋಚಲಿಲ್ಲ. ಕುತುಬ್ ಮಿನಾರನ್ನು ಮೂರನೆಯ ದಿನ ನೋಡುತ್ತೇವೆ.

ಗಾಲಿಬರ ಸಮಾಧಿಯಿಂದ ಕೆಲವೇ ಹೆಜ್ಜೆಗಳ ದೂರದಲ್ಲಿ ಸೂಫಿ ಸಂತ ಹಜರತ್ ನಿಜಾಮುದ್ದೀನ್ ಔಲಿಯಾ ಅವರ ದರ್ಗಾ ಇದೆ; ಗುರು ತೀರಿಕೊಂಡ 1325ರಲ್ಲಿಯೇ ಕೊನೆಯುಸಿರೆಳೆದ ಕವಿ ಅಮೀರ್ ಖುಸ್ರೋ ಅವರ ಗೋರಿಯೂ ಅದೇ ಅಂಗಳದಲ್ಲಿದೆ. ಔಲಿಯಾ ಅವರ ಗೋರಿಯಿರುವ ಒಳಕೋಣೆಗೆ ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲ. ಸ್ಥಳದ ಪದ್ಧತಿಯನ್ನು ನಾವು ಗೌರವಿಸುತ್ತೇವೆ, ಆದರೆ ಸಹಪಾಠಿಗಳನ್ನು ಹೊರಗೆ ನಿಲ್ಲಿಸಿ ಗಂಡುಮಕ್ಕಳು ಮಾತ್ರ ಒಳಗೆ ಹೋಗಿಬರುವುದು ಶಾಲೆಯ ಪ್ರವಾಸಕ್ಕೆ ಸಲ್ಲದು; ಆದ್ದರಿಂದ ಎಲ್ಲರೂ ಒಟ್ಟಾಗಿ ಅಂಗಳದಲ್ಲಿಯೇ ನಿಂತು ನೋಡುವುದೆಂದು ತೀರ್ಮಾನಿಸಿದ್ದೇನೆ. ತಲೆ ಮುಚ್ಚಿಕೊಳ್ಳಲು ಎಲ್ಲರ ಬಳಿಯೂ ಕರವಸ್ತ್ರ ಅಥವಾ ದುಪ್ಪಟ್ಟಾ ಇರಲಿ. ಚಪ್ಪಲಿ ಬಿಡಬೇಕಾಗುವುದರಿಂದ ಕಾಲುಚೀಲ ಬೇಕು, ಡಿಸೆಂಬರಿನ ಬೆಳಗಿನಲ್ಲಿ ಕಲ್ಲುಹಾಸು ಬಹಳ ತಣ್ಣಗಿರುತ್ತದೆ. ಬಸ್ತಿಯ ಗಲ್ಲಿಗಳು ಕಿರಿದು, ಬಸ್ಸು ಒಳಗೆ ಬಾರದು. ಹತ್ತು ಮಕ್ಕಳಿಗೆ ಒಬ್ಬರಂತೆ ಶಿಕ್ಷಕರು ಜೊತೆಯಲ್ಲಿ ನಡೆಯುತ್ತಾರೆ.

ಒಪ್ಪಿಗೆ ಪತ್ರದೊಂದಿಗೆ ಮನೆಯ ವಿಳಾಸ ಬರೆದ ಒಂದು ಅಂಚೆ ಕಾರ್ಡನ್ನೂ ದಯವಿಟ್ಟು ಕಳುಹಿಸಿಕೊಡಿ. ಗಾಲಿಬರ ಆವರಣದಲ್ಲಿ ಕುಳಿತು ಪ್ರತಿಯೊಂದು ಮಗುವೂ ಮನೆಗೊಂದು ಪತ್ರ ಬರೆಯಲಿದೆ. ಕಾರ್ಡು ತಲುಪುವಷ್ಟರಲ್ಲಿ ಬರೆದವರೇ ಮನೆ ಸೇರಿರುವ ಸಂಭವ ಹೆಚ್ಚು, ಆದರೂ ಅದಕ್ಕೆ ನೀವು ಬರವಣಿಗೆಯಲ್ಲಿಯೇ ಉತ್ತರಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ