ಮ್ಯಾಟ್ ಸುತ್ತುವ ಮೊದಲು ಒಮ್ಮೆ ಹಿಂದೆ ನೋಡಿ

ಸಂಪಾದಕರಿಗೆ ನಮಸ್ಕಾರ.

ನಮ್ಮ ಚಿಕ್ಕಮಗಳೂರಿನಲ್ಲಿ ಮೊನ್ನೆ ಭಾನುವಾರ ನಡೆದ ಓಟದಲ್ಲಿ ನಾನೂ ಓಡಿದೆ. ವಯಸ್ಸು 54. ಶುಗರ್ ಇದೆ, ದಿನಾ ನಡೀರಿ ಅಂತ ಡಾಕ್ಟರ್ ಹೇಳಿದ ಮೇಲೆ ನಮ್ಮ ಬೀದಿಯ ಐದು ಜನ ಹೆಂಗಸರು ಸೇರಿಕೊಂಡು ಎರಡು ವರ್ಷದಿಂದ ಬೆಳಗ್ಗೆ ರತ್ನಗಿರಿ ಬೋರೆ ಹತ್ತಿ ಇಳಿಯುತ್ತೇವೆ. ಅದೇ ಧೈರ್ಯದ ಮೇಲೆ ಹೆಸರು ಕೊಟ್ಟೆವು. ಬ್ಯಾನರಿನಲ್ಲಿ ದೊಡ್ಡದಾಗಿ ‘ಮ್ಯಾರಥಾನ್’ ಅಂತ ಇತ್ತು, ನಾವು ಓಡಬೇಕಾಗಿದ್ದು 10 ಕಿ.ಮೀ. ಮ್ಯಾರಥಾನ್ ಅಂದರೆ 42.195 ಕಿ.ಮೀ. ಅಮ್ಮಾ ಅಂತ ಮಗಳು ನಕ್ಕಳು. ಇರಲಿ ಬಿಡಿ, ನಮ್ಮ ಕಡೆ ನಾಲ್ಕು ಜನ ಒಟ್ಟಿಗೆ ಓಡಿದರೆ ಅದು ಮ್ಯಾರಥಾನೇ.

6 ಗಂಟೆಗೆ ಶುರು ಅಂದಿದ್ದರು. ಐದೂವರೆಗೇ ಹೋಗಿ ನಿಂತೆವು. ಕೈ ಉಜ್ಜಿಕೊಳ್ಳೋ ಹಾಗೆ ಚಳಿ. ಬಾವುಟ ತೋರಿಸಬೇಕಾದ ಅತಿಥಿಗಳು ಮಾತ್ರ ಬಂದಿರಲಿಲ್ಲ. ಅವರು ಬಂದು, ಶಾಲು ಹಾರ ಆಗಿ, ಇಬ್ಬರು ಆರೋಗ್ಯವೇ ಭಾಗ್ಯ ಅಂತ ಭಾಷಣ ಮಾಡಿ, ಫೋಟೊ ಎಲ್ಲಾ ಮುಗಿದು ನಮ್ಮನ್ನು ಬಿಟ್ಟಾಗ 6.35.

ಮೊದಲರ್ಧ ಚೆನ್ನಾಗಿತ್ತು. ಅಂಗಡಿಗಳೆಲ್ಲ ಬಾಗಿಲು ಹಾಕಿರೋ ಎಂ.ಜಿ. ರಸ್ತೆಯ ನಟ್ಟನಡುವೆ ಓಡೋದು ನಮಗೆಲ್ಲಿ ಸಿಗಬೇಕು? ನಮ್ಮೂರಲ್ಲಿ ಸಪಾಟು ರಸ್ತೆ ಕಡಿಮೆ, ಸ್ಕೂಟರಿನಲ್ಲಿ ಹೋಗುವಾಗ ಗೊತ್ತೇ ಆಗದ ಏರು ಓಡುವಾಗ ತೊಡೆಗೆ ಸರಿಯಾಗಿ ಗೊತ್ತಾಗುತ್ತದೆ. ಜೊತೆಯವರು ಮುಂದೆ ಹೋದರು. ಹೋಗಿ ಅಂತ ನಾನೇ ಹೇಳಿದೆ. 7 ಕಿ.ಮೀ. ಹತ್ತಿರ ಬಂದರೆ ನೀರಿನ ಟೇಬಲ್ಲು ಕಾಲು ಮೇಲೆ ಮಾಡಿಕೊಂಡು ಗೂಡ್ಸ್ ಆಟೊದಲ್ಲಿ ಮಲಗಿತ್ತು, ಪೇಪರ್ ಲೋಟ ಮಾತ್ರ ರಸ್ತೆ ತುಂಬಾ. ಅಲ್ಲೇ ಬಾಗಿಲಿಗೆ ನೀರು ಹಾಕುತ್ತಿದ್ದ ಅಜ್ಜಿಯೊಬ್ಬರು “ಯಾಕಮ್ಮಾ ಹಿಂಗ್ ಓಡ್ತಿದ್ದೀಯ, ಬಸ್ ತಪ್ಪೋಯ್ತಾ?” ಅಂತ ಕೇಳಿ, ಒಳಗಿಂದ ಚೊಂಬಲ್ಲಿ ನೀರು ತಂದುಕೊಟ್ಟರು.

8ಕ್ಕೆ ರಸ್ತೆ ಬಿಟ್ಟರು. ಭಾನುವಾರ ಅಷ್ಟು ಹೊತ್ತಿಗೆ ಮುಳ್ಳಯ್ಯನಗಿರಿಗೆ ಹೋಗೋ ಟೂರಿಸ್ಟ್ ಗಾಡಿಗಳು ಶುರುವಾಗುತ್ತವೆ, ಗೊತ್ತಲ್ವಾ. ಕಾರಿನವರು ಹಾರ್ನ್ ಹೊಡೆಯುತ್ತಾ ಪಕ್ಕಕ್ಕೆ ಸರಿಸಿದರು, ನಾನು ಚರಂಡಿ ಕಲ್ಲಿನ ಮೇಲೆ ಓಡಿದೆ. ಪೊಲೀಸರನ್ನು ದೂರೋದಿಲ್ಲ, ಅವರಿಗೆ ಹೇಳಿದ್ದ ಟೈಮೇ 8 ಗಂಟೆ. ಹೇಳಿದ ಹಾಗೆ 6ಕ್ಕೆ ಬಿಟ್ಟಿದ್ದರೆ ರಸ್ತೆ ತೆರೆಯೋದಕ್ಕೆ 8 ನಿಮಿಷ ಮೊದಲೇ ನಾನು ಮುಟ್ಟಿರುತ್ತಿದ್ದೆ. ಮುಂದೆ ಓಡಿದ ಹುಡುಗರಿಗೆ ಆ 35 ನಿಮಿಷ ತಟ್ಟಲೇ ಇಲ್ಲ, ಅವರಾಗಲೇ ಉಪ್ಪಿಟ್ಟು ತಿಂದು ಕೈ ತೊಳೆದಾಗಿತ್ತು. ತಟ್ಟಿದ್ದು ಹಿಂದಿದ್ದವರಿಗೆ.

ಮೈದಾನಕ್ಕೆ ಬಂದಾಗ 8.27. ಗಾಳಿ ತುಂಬಿದ ಕಮಾನು ನೆಲಕ್ಕೆ ಬಿದ್ದು ಬುಸ್ ಅಂತ ಉಸಿರು ಬಿಡುತ್ತಿತ್ತು. ಚೆಸ್ಟ್ ನಂಬರಿನ ಹಿಂದೆ ಒಂದು ಚಿಪ್ ಅಂಟಿಸಿರುತ್ತಾರೆ, ಅದು ಕೊನೆಯ ಗೆರೆಯ ಮ್ಯಾಟ್ ದಾಟಿದರೇ ನಮ್ಮ ಟೈಮ್ ದಾಖಲಾಗೋದು. ಆ ಮ್ಯಾಟನ್ನು ಇಬ್ಬರು ಹುಡುಗರು ಮದುವೆ ಛತ್ರದ ಜಮಖಾನದ ಹಾಗೆ ಸುತ್ತುತ್ತಿದ್ದರು. ನೆಲಕ್ಕೆ ಅಂಟಿಸಿದ್ದ ಟೇಪು ಅರ್ಧ ಕಿತ್ತು ಹೋಗಿ ಇನ್ನರ್ಧ ಹಾಗೇ ಇತ್ತು. ಅದನ್ನೇ ದಾಟಿದೆ. “ಆಂಟಿ, ನೀವೂ ಓಡ್ತಿದ್ರಾ?” ಅಂದ ಒಬ್ಬ. ಪಾಪ, ಪ್ಯಾಕ್ ಮಾಡಿದ್ದ ಡಬ್ಬ ಬಿಚ್ಚಿ ಮೆಡಲ್ ಹುಡುಕಿ ಕೊಟ್ಟ.

1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಜಪಾನಿನ ಶಿಜೊ ಕನಕುರಿ ಮ್ಯಾರಥಾನ್ ಓಡುವಾಗ ಬಿಸಿಲು ತಡೆಯಲಾರದೆ ದಾರಿಯಲ್ಲಿ ಯಾರದೋ ಮನೆಯ ತೋಟಕ್ಕೆ ಹೋಗಿ ದಾಹ ತೀರಿಸಿಕೊಂಡವರು, ಆಮೇಲೆ ಅಧಿಕಾರಿಗಳಿಗೂ ಹೇಳದೆ ಊರಿಗೆ ಹೊರಟುಹೋದರು. 1967ರಲ್ಲಿ ಸ್ವೀಡನ್ನಿನವರು ಅವರನ್ನು ಕರೆಸಿ, ಬನ್ನಿ ಸ್ವಾಮಿ ಓಟ ಮುಗಿಸಿ ಅಂದರು. 75ನೇ ವಯಸ್ಸಿನಲ್ಲಿ ಅವರು ಗೆರೆ ದಾಟಿದಾಗ ಆದ ಟೈಮು 54 ವರ್ಷ 8 ತಿಂಗಳು 6 ದಿನ 5 ಗಂಟೆ 32 ನಿಮಿಷ 20.3 ಸೆಕೆಂಡ್. ನನಗೂ ಚೊಂಬು ನೀರು ಕೊಟ್ಟ ಮನೆ ಇತ್ತು, ಕಾಯೋರು ಇರಲಿಲ್ಲ ಅಷ್ಟೆ.

ಓಟ ನಡೆಸೋರಲ್ಲಿ ಕೇಳೋದು ಜಾಸ್ತಿ ಏನಿಲ್ಲ. ಎಷ್ಟು ಹೊತ್ತಿನೊಳಗೆ ಮುಗಿಸಬೇಕು ಅಂತ ಫಾರಂನಲ್ಲೇ ಬರೆಯಿರಿ, ಆಗದವರು 5 ಕಿ.ಮೀ.ಗೆ ಹೆಸರು ಕೊಡುತ್ತಾರೆ. ಆ ಲೆಕ್ಕ ಓಟ ಶುರುವಾದ ಹೊತ್ತಿನಿಂದ ಇರಲಿ. ಎಲ್ಲರಿಗಿಂತ ಹಿಂದಿನವರ ಹಿಂದೆ ಒಂದು ಗಾಡಿ ಬರಲಿ, ಅದು ದಾಟೋ ತನಕ ನೀರಿನ ಟೇಬಲ್ ತೆಗೆಯಬೇಡಿ. ಅತಿಥಿಗಳು ಬಹುಮಾನ ಕೊಡೋದಕ್ಕೆ ನಿಧಾನವಾಗಿ ಬರಲಿ. ಬಾವುಟವನ್ನು ನಸುಕಲ್ಲೇ ಎದ್ದು ಆ ರಸ್ತೆ ಗುಡಿಸಿದ ಪೌರಕಾರ್ಮಿಕರ ಕೈಗೆ ಕೊಡಿ, ಅವರು ಅಲ್ಲೇ ಇರುತ್ತಾರೆ, ಟೈಮಿಗೆ ಸರಿಯಾಗಿ.

ಇನ್ನೊಂದು. ಮೊಬೈಲಿಗೆ ಬಂದ ಫಲಿತಾಂಶದಲ್ಲಿ ನನ್ನ ಹೆಸರಿನ ಮುಂದೆ ‘ಓಟ ಮುಗಿಸಿಲ್ಲ’ ಅಂತ ಇದೆ. ದಯವಿಟ್ಟು ಅದನ್ನು ತಿದ್ದಿ. 1 ಗಂಟೆ 52 ನಿಮಿಷ. ಗೇಟಿನ ಹತ್ತಿರ ನಿಂತು ವಾಚ್ ನೋಡಿಕೊಂಡಿದ್ದವಳು ನನ್ನ ಮಗಳು.

— ಓದುಗಿ, ಚಿಕ್ಕಮಗಳೂರು