ಮಗಳಿಗೊಂದು ಪತ್ರ: ದಾಕ್ಷಿಣ್ಯ ಬೇರೆ, ಒಳ್ಳೆಯತನ ಬೇರೆ

ಪ್ರೀತಿಯ ಪುಟ್ಟಿ,

ಕಳೆದ ಭಾನುವಾರ ರಾತ್ರಿ ನಿನ್ನ ಜಡೆ ಹೆಣೆಯುತ್ತಿದ್ದೆನಲ್ಲ, ಆಗ ನಿನ್ನ ಫೋನಿಗೆ ಒಂದು ಮೆಸೇಜ್ ಬಂತು. ನಾನು ಹಿಂದೆ ಕೂತಿದ್ದೆ. ಬೇಕಂತ ನೋಡಲಿಲ್ಲ, ಕಣ್ಣಿಗೆ ಬಿತ್ತು. ಬೆಳಗಾಗುವುದರೊಳಗೆ ರಿಪೋರ್ಟ್ ಬೇಕು ಅಂತ ನಿಮ್ಮ ಸರ್ ಬರೆದಿದ್ದರು. ನೀನು ಮೊದಲು ‘ಇವತ್ತು ಆಗಲ್ಲ ಸರ್, ನಾಳೆ ಮಧ್ಯಾಹ್ನ ಕೊಡ್ತೀನಿ’ ಅಂತ ಟೈಪ್ ಮಾಡಿದೆ. ಅಳಿಸಿದೆ. ‘ಸ್ವಲ್ಪ ಕಷ್ಟ’ ಅಂತ ಬರೆದೆ. ಅದನ್ನೂ ಅಳಿಸಿದೆ. ಕೊನೆಗೆ ‘ಖಂಡಿತ ಸರ್’ ಅಂತ ಕಳಿಸಿದೆ, ಪಕ್ಕದಲ್ಲಿ ಒಂದು ನಗುಮುಖ. ಅದನ್ನು ಕಳಿಸುವಾಗ ನಿನ್ನ ಕತ್ತು ಬಿಗಿಯಾಗಿದ್ದು ನನ್ನ ಬೆರಳಿಗೆ ಗೊತ್ತಾಯಿತು. ಜಡೆ ಅರ್ಧಕ್ಕೇ ಬಿಟ್ಟು ನೀನು ಎದ್ದು ಹೋದೆ.

ಅವತ್ತಿನಿಂದ ಬರೆಯಬೇಕು ಅಂತಿದ್ದೆ. ಯಾಕಂದರೆ ಆ ‘ಖಂಡಿತ’ ನಿನಗೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಚಿಕ್ಕವಳಿದ್ದಾಗ ಯಾರಾದರೂ ನಿನ್ನ ಆಟದ ಸಾಮಾನು ಕೇಳಿದರೆ ‘ಕೊಡು, ಇಲ್ಲ ಅನ್ನಬಾರದು’ ಅಂದವಳು ನಾನೇ. ನೀನು ಅಳು ನುಂಗಿಕೊಂಡು ಕೊಟ್ಟಾಗ ಎಲ್ಲರ ಮುಂದೆ ನಿನ್ನನ್ನು ಹೊಗಳಿದವಳೂ ನಾನೇ. ಅದನ್ನು ಒಳ್ಳೆಯತನ ಅಂದುಕೊಂಡಿದ್ದೆ. ಈಗ ಯೋಚಿಸಿದರೆ ನಾನು ಕಲಿಸಿದ್ದು ದಾಕ್ಷಿಣ್ಯ. ಒಳ್ಳೆಯತನದಿಂದ ಒಂದು ಕೆಲಸ ಮಾಡಿಕೊಟ್ಟರೆ ಮಾಡಿದ ಮೇಲೆ ಮರೆತುಹೋಗುತ್ತದೆ. ದಾಕ್ಷಿಣ್ಯಕ್ಕೆ ಮಾಡಿಕೊಟ್ಟಿದ್ದು ಮರೆಯುವುದಿಲ್ಲ, ಒಳಗೊಳಗೇ ಲೆಕ್ಕ ಬರೆಯುತ್ತಾ ಹೋಗುತ್ತದೆ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರೋಕೆ ಜಾಗ ಇಲ್ಲ ಅಂತ ಗಾದೆ ಇದೆಯಲ್ಲ, ಒರಟು ಮಾತು, ಆದರೆ ಅನುಭವಿಸಿದವರೇ ಕಟ್ಟಿದ್ದು.

ನನ್ನದೇ ಒಂದು ಹೇಳುತ್ತೇನೆ, ನಿನಗೆ ಇದರ ಅರ್ಧ ಮಾತ್ರ ಗೊತ್ತು. ನಾನು ಲೆಕ್ಕಪತ್ರ ವಿಭಾಗದಲ್ಲಿದ್ದಾಗ ಪಕ್ಕದ ಟೇಬಲ್‌ನವರು ಸಂಜೆ ನಾಲ್ಕೂವರೆಗೆ ತಮ್ಮ ಫೈಲು ನನ್ನ ಟೇಬಲ್ ಮೇಲೆ ಇಟ್ಟು ಹೋಗುತ್ತಿದ್ದರು. ‘ನೀವು ಮಾಡಿದರೆ ಒಂದು ತಪ್ಪೂ ಇರಲ್ಲ ಮೇಡಂ’ ಅನ್ನುತ್ತಿದ್ದರು. ಮೊದಲ ಸಲ ಖುಷಿಯಾಯಿತು. ಹತ್ತನೇ ಸಲಕ್ಕೆ ಫೈಲು ಕಂಡರೆ ಹೊಟ್ಟೆ ಕಿವುಚುತ್ತಿತ್ತು. ಆದರೂ ಬಾಯಿ ಬಿಡಲಿಲ್ಲ, ಹೀಗೆ ಆರು ವರ್ಷ. ಒಂದು ಸಂಜೆ ತಡವಾಗಿ ಮನೆಗೆ ಬಂದೆ. ನೀನು ಮೂರನೇ ಕ್ಲಾಸ್. ಭಾಗಾಕಾರದ ಲೆಕ್ಕ ಹೇಳಿಕೊಡು ಅಂತ ನೋಟ್‌ಬುಕ್ ಹಿಡಿದುಕೊಂಡು ಬಂದೆ. ನಾನು ಅದನ್ನು ಕಿತ್ತು ಎಸೆದೆ. ಹಾಳೆ ಹರಿಯಿತು. ಬೆಳಗ್ಗೆ ನೋಡಿದರೆ ನೀನೇ ಗೋಂದು ಹಚ್ಚಿ ಅಂಟಿಸಿದ್ದೆ, ವಾರೆಯಾಗಿ, ಅಂಚು ಹೊರಗೆ ಬಂದಿತ್ತು. ಆಫೀಸಿನಲ್ಲಿ ಹೇಳಬೇಕಿದ್ದ ‘ಆಗಲ್ಲ’ ಮನೆಯಲ್ಲಿ ಎಂಟು ವರ್ಷದ ಮಗುವಿನ ಮೇಲೆ ಬಿದ್ದಿತ್ತು. ನುಂಗಿಕೊಂಡ ಮಾತು ಎಲ್ಲೂ ಹೋಗುವುದಿಲ್ಲ ಪುಟ್ಟಿ. ಯಾರು ತಿರುಗಿ ಬೈಯಲಾರರೋ ಅವರ ಮೇಲೆ ಬೀಳುತ್ತದೆ.

ಅದೇ ವಾರ ಪಕ್ಕದ ಟೇಬಲ್‌ನವರಿಗೆ ಹೇಳಿದೆ. ಮನಸ್ಸಿನಲ್ಲಿ ಹತ್ತು ಸಲ ಹೇಳಿಕೊಂಡು ಹೋಗಿದ್ದೆ. ‘ನಾಳೆಯಿಂದ ನಿಮ್ಮ ಫೈಲು ನನ್ನ ಕೈಲಿ ಆಗಲ್ಲ, ನನ್ನ ಕೆಲಸವೇ ಉಳಿಯುತ್ತಿದೆ.’ ಧ್ವನಿ ನಡುಗುತ್ತಿತ್ತು. ಅವರು ಒಂದು ಕ್ಷಣ ನೋಡಿ ‘ಓ, ಸರಿ’ ಅಂದು ಫೈಲು ಎತ್ತಿಕೊಂಡು ಹೋದರು. ಅಷ್ಟೇ. ಆದರೆ ಎಲ್ಲ ಸಲವೂ ಇಷ್ಟು ಸಲೀಸು ಅಂತ ಸುಳ್ಳು ಹೇಳಲಾರೆ. ಮುಂದೆ ಇನ್ನೊಬ್ಬ ಮೇಲಧಿಕಾರಿ ಬಂದರು, ರಜಾ ದಿನವೂ ಬನ್ನಿ ಅಂದರು. ನಾನು ಪ್ರತಿ ವಾರ ಆಗಲ್ಲ ಅಂದೆ. ಆ ವರ್ಷ ಬಡ್ತಿ ನನಗೆ ಬರಲಿಲ್ಲ. ಬೇಜಾರಾಯಿತು, ತುಂಬಾನೇ ಆಯಿತು. ಆದರೂ ಆ ರಜೆಗಳಲ್ಲಿ ನಿನಗೆ ಸೈಕಲ್ ಕಲಿಸಿದ್ದನ್ನು ನಾನು ಬಡ್ತಿಗೆ ಬದಲಾಯಿಸಿಕೊಳ್ಳುವುದಿಲ್ಲ.

ಈಗ ನಿನ್ನ ವಿಷಯ.

ಯಾರೇ ಏನೇ ಕೇಳಲಿ, ತಕ್ಷಣ ಉತ್ತರ ಕೊಡಬೇಡ. ‘ಕೈಯಲ್ಲಿರೋದು ನೋಡಿ ಹತ್ತು ನಿಮಿಷದಲ್ಲಿ ಹೇಳ್ತೀನಿ’ ಅನ್ನು. ಆ ಹತ್ತು ನಿಮಿಷದಲ್ಲಿ ದಾಕ್ಷಿಣ್ಯದ ಬಿಸಿ ಇಳಿಯುತ್ತದೆ. ಮೇಲಿನವರು ಕೊಟ್ಟ ಕೆಲಸಕ್ಕೆ ಸುಮ್ನೆ ಆಗಲ್ಲ ಅನ್ನುವುದು ಕಷ್ಟ, ಅನ್ನಲೂ ಬೇಕಿಲ್ಲ. ‘ಸರ್, ಈಗ ಈ ಮೂರು ಕೆಲಸ ನನ್ನ ಹತ್ತಿರ ಇವೆ. ಇದನ್ನು ಮೊದಲು ಮಾಡೋದಾದರೆ ಇವುಗಳಲ್ಲಿ ಯಾವುದನ್ನು ಹಿಂದೆ ಹಾಕಲಿ?’ ಅಂತ ಕೇಳು. ಎಷ್ಟೋ ಸಲ ನಿನ್ನ ತಲೆ ಮೇಲೆ ಎಷ್ಟಿದೆ ಅಂತ ಅವರಿಗೆ ಗೊತ್ತೇ ಇರುವುದಿಲ್ಲ. ಗೊತ್ತಾಗುವ ಹಾಗೆ ನೀನೂ ಹೇಳಿರುವುದಿಲ್ಲ, ಅಲ್ವಾ?

ಆಗಲ್ಲ ಅನ್ನುವಾಗ ಕಾರಣಗಳ ಮೂಟೆ ಬಿಚ್ಚಬೇಡ. ತಲೆನೋವು ಅಂದರೆ ‘ಮಾತ್ರೆ ತಗೊಂಡು ಮಾಡಿ’ ಅನ್ನುತ್ತಾರೆ. ಅಮ್ಮ ಬಂದಿದ್ದಾರೆ ಅಂದರೆ ‘ಅವರು ಮಲಗಿದ ಮೇಲೆ ಮಾಡಿ’ ಅನ್ನುತ್ತಾರೆ. ಪ್ರತಿ ಕಾರಣಕ್ಕೂ ಒಂದು ಪರಿಹಾರ ಬರುತ್ತದೆ. ‘ಇವತ್ತು ಆಗಲ್ಲ, ನಾಳೆ ಎರಡು ಗಂಟೆಗೆ ಕೊಡ್ತೀನಿ’ ಅಂದರೆ ಸಾಕು. ನೀನು ಭಾನುವಾರ ಮೊದಲು ಟೈಪ್ ಮಾಡಿದ್ದೆಯಲ್ಲ, ಅದೇ ಸರಿಯಾದ ಉತ್ತರವಾಗಿತ್ತು. ಒಂದಕ್ಷರ ಬದಲಾಯಿಸಬೇಕಿರಲಿಲ್ಲ.

ರಾತ್ರಿ ಮೆಸೇಜ್‌ಗಳ ಬಗ್ಗೆ ನನಗೆ ಜಾಸ್ತಿ ಚಿಂತೆ. ಹನ್ನೊಂದು ಗಂಟೆಗೆ ಒಂದು ಸಲ ಉತ್ತರ ಕೊಟ್ಟರೆ, ಹನ್ನೊಂದಕ್ಕೆ ನೀನು ಸಿಗುತ್ತೀಯ ಅಂತ ನೀನೇ ಕಲಿಸಿಕೊಟ್ಟ ಹಾಗೆ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಅನ್ನುತ್ತಾರಲ್ಲ, ಗುದ್ದುವವರು ಕೆಟ್ಟವರೇ ಆಗಿರಬೇಕಿಲ್ಲ, ಬಗ್ಗಿದ ಬೆನ್ನು ಕೈಗೆ ಹತ್ತಿರ ಇರುತ್ತದೆ ಅಷ್ಟೇ. ಸಿಟ್ಟು ಬಂದ ದಿನ ಇದನ್ನು ಮಾತಾಡಬೇಡ. ಎಲ್ಲ ಸಮಾಧಾನವಾಗಿರುವ ಒಂದು ಬೆಳಗ್ಗೆ ಟೀಮಿನವರಿಗೆ ಹೇಳು: ಏಳು ಗಂಟೆ ಮೇಲೆ ನಾನು ಮೆಸೇಜ್ ನೋಡಲ್ಲ, ನಿಜವಾಗಿ ತುರ್ತಿದ್ದರೆ ಕಾಲ್ ಮಾಡಿ. ಮೆಸೇಜ್ ಹಾಕುವುದು ಸುಲಭ, ಕಾಲ್ ಮಾಡುವ ಮುಂಚೆ ಮನುಷ್ಯ ಒಂದು ಸಲ ಯೋಚಿಸುತ್ತಾನೆ. ಕಾಲ್ ಬಂದರೆ ಎತ್ತು, ಹೋಗಿ ಮಾಡಿಕೊಡು, ಅದರಲ್ಲಿ ಹಿಂದೆಮುಂದೆ ನೋಡಬೇಡ. ಆದರೆ ನೀನೇ ಹಾಕಿದ ನಿಯಮವನ್ನು ನೀನೇ ಎರಡನೇ ದಿನ ಮುರಿದರೆ ಅವರು ನಿನ್ನ ಮಾತು ನಂಬುವುದಿಲ್ಲ. ಇವತ್ತು ಬಿಗಿ, ನಾಳೆ ಸಡಿಲ ಅನ್ನುವ ಗೆರೆ, ಗೆರೆಯೇ ಇಲ್ಲದಿರುವುದಕ್ಕಿಂತ ಕಷ್ಟ, ಎದುರಿನವರಿಗೂ.

ಇದು ಸೋಮಾರಿಗಳ ಬೇಡಿಕೆ ಅಂತ ಯಾರಾದರೂ ಅಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1919ರಲ್ಲಿ ಹುಟ್ಟಿದಾಗ ಮಾಡಿಕೊಂಡ ಮೊದಲ ಒಪ್ಪಂದವೇ ಕೆಲಸದ ಗಂಟೆಗಳ ಬಗ್ಗೆ: ಕಾರ್ಖಾನೆಗಳಲ್ಲಿ ದಿನಕ್ಕೆ 8, ವಾರಕ್ಕೆ 48. ಅಂದರೆ ನಮ್ಮ ಹಿಂದಿನವರು ಈ ಗೆರೆಗೆ ನೂರು ವರ್ಷದ ಹಿಂದೆಯೇ ಜಗಳ ಆಡಿದ್ದಾರೆ. ಆಗ ಕಾರ್ಖಾನೆ ಗೇಟು ದಾಟಿದರೆ ಕೆಲಸ ಮುಗಿಯುತ್ತಿತ್ತು, ಈಗ ಗೇಟು ನಿನ್ನ ದಿಂಬಿನ ಪಕ್ಕ ಬಂದು ಮಲಗಿದೆ. ಅದಕ್ಕೇ ಫ್ರಾನ್ಸ್‌ನಲ್ಲಿ 2017ರ ಜನವರಿಯಿಂದ, ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಿಂದ, ಕೆಲಸದ ಹೊತ್ತು ಮುಗಿದ ಮೇಲೆ ಸಂಪರ್ಕ ಕಡಿದುಕೊಳ್ಳುವ ಹಕ್ಕು ಕಾನೂನಿನಲ್ಲೇ ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಕಾರ್ಮಿಕ ಸಂಘಟನೆ ಸೇರಿ 2021ರಲ್ಲಿ ಕೊಟ್ಟ ವರದಿಯಲ್ಲಿ ಇನ್ನೊಂದು ಮಾತಿದೆ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯು ಬರುವ ಅಪಾಯ ಶೇ 35ರಷ್ಟು ಹೆಚ್ಚು, ಹೃದಯದ ಕಾಯಿಲೆಯಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು. ನಿನ್ನ ವಾರದ ಗಂಟೆಗಳನ್ನು ಒಂದು ಸಲ ಕೂಡಿಸಿ ನೋಡು. ನಾನು ಬೆರಳು ಮಡಚಿ ಎಣಿಸಿದೆ, 55 ದಾಟಿತು.

ಮನೆಯಿಂದ ಕೆಲಸ ಮಾಡುವ ದಿನ ಮುಗಿದ ಮೇಲೆ ಲ್ಯಾಪ್‌ಟಾಪ್ ಮುಚ್ಚಿ ಬೀರುವಿನೊಳಗೆ ಇಡು. ಕಣ್ಣಿಗೆ ಕಂಡರೆ ಕೈ ಹೋಗುತ್ತದೆ.

ಇನ್ನು ಜನರ ವಿಷಯ. ‘ನಾವೆಲ್ಲ ಒಂದೇ ಕುಟುಂಬ’ ಅಂತ ಆಫೀಸಿನಲ್ಲಿ ಹೇಳುತ್ತಾರೆ. ಪ್ರೀತಿಯಿಂದಲೇ ಹೇಳಬಹುದು. ಆದರೆ ಕುಟುಂಬದಲ್ಲಿ ಯಾರೂ ಒಂದು ತಿಂಗಳ ನೋಟಿಸ್ ಕೊಟ್ಟು ಕಳಿಸುವುದಿಲ್ಲ. ಅಲ್ಲಿ ಒಳ್ಳೆಯ ಸ್ನೇಹ ಸಿಗುತ್ತದೆ, ನನಗೂ ಸಿಕ್ಕಿದೆ, ಇವತ್ತಿಗೂ ಫೋನ್ ಮಾಡುತ್ತಾರೆ. ಸ್ನೇಹ ಗಟ್ಟಿಯಾಗಲು ಸಮಯ ಕೊಡು, ಮೊದಲ ತಿಂಗಳಲ್ಲೇ ಮನೆಯ ಕಷ್ಟಸುಖ ಎಲ್ಲ ಹರವಬೇಡ. ಮದುವೆ ಯಾವಾಗ, ಸಂಬಳ ಎಷ್ಟು, ಯಾಕೆ ದಪ್ಪ ಆಗಿದ್ದೀಯ ಅಂತ ಕೇಳಿದರೆ ‘ಅದು ಬಿಡಿ, ನನ್ನ ಸ್ವಂತ ವಿಷಯ’ ಅಂತ ನಗುತ್ತಲೇ ಹೇಳು. ಎರಡನೇ ಸಲ ಕೇಳಿದರೆ ನಗದೆ ಹೇಳು. ಇನ್ನೊಬ್ಬರ ಬಗ್ಗೆ ನಿನ್ನ ಕಿವಿಯಲ್ಲಿ ಪಿಸುಗುಟ್ಟುವವರು ನಿನ್ನ ಬಗ್ಗೆಯೂ ಎಲ್ಲೋ ಪಿಸುಗುಟ್ಟುತ್ತಿರುತ್ತಾರೆ, ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಕಡೆ ಮಾತ್ರ ನಗುವೇ ಬೇಡ. ಯಾರಾದರೂ ಬೇಡದ ಕಡೆ ಮುಟ್ಟಿದರೆ, ಮೈ ಬಗ್ಗೆ ಮಾತಾಡಿದರೆ, ಅಸಹ್ಯ ಅನ್ನಿಸುವ ಮೆಸೇಜ್ ಹಾಕಿದರೆ, ಅಲ್ಲಿ ಗೆರೆ ದಾಟಿದವರು ಅವರು. ನೀನು ಸರಿಯಾಗಿ ಹೇಳಲಿಲ್ಲ, ಆ ಬಟ್ಟೆ ಹಾಕಬಾರದಿತ್ತು, ಅವತ್ತು ತಡವಾಗಿ ಇರಬಾರದಿತ್ತು ಅಂತ ಒಂದು ಕ್ಷಣವೂ ಯೋಚಿಸಬೇಡ. ಅವತ್ತೇ ಬರೆದಿಡು: ದಿನ, ಹೊತ್ತು, ಜಾಗ, ಅವರು ಆಡಿದ ಮಾತು ಆಡಿದ ಹಾಗೇ, ಹತ್ತಿರ ಯಾರಿದ್ದರು. ಮೆಸೇಜ್ ಅಳಿಸಬೇಡ, ಸ್ಕ್ರೀನ್‌ಶಾಟ್ ತೆಗೆದು ಆಫೀಸಿನ ಫೋನಿನಲ್ಲಲ್ಲದೆ ನಿನ್ನ ಸ್ವಂತ ಫೋನಿನಲ್ಲೂ ಇಟ್ಟುಕೋ. ಆಫೀಸಿನ ದೂರು ಸಮಿತಿಗೆ ಹೋಗು, ದೂರನ್ನು ಬರವಣಿಗೆಯಲ್ಲೇ ಕೊಡು. ಕಿರುಕುಳದ ಬಗ್ಗೆ 2019ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಕೆಲಸದ ಜಾಗ ಅಂದರೆ ಬರೀ ಆಫೀಸಿನ ಗೋಡೆ ಅಲ್ಲ, ಕೆಲಸದ ಮೇಲಿನ ಪ್ರಯಾಣ, ಕೆಲಸದ ಫೋನ್ ಮೆಸೇಜ್ ಎಲ್ಲ ಸೇರುತ್ತದೆ. ಹೊರಗೆ ಆಗಿದ್ದು, ಆಫೀಸಿಗೆ ಸಂಬಂಧ ಇಲ್ಲ ಅಂತ ಯಾರಾದರೂ ಹೇಳಿದರೆ ಇದನ್ನು ನೆನಪಿಟ್ಟುಕೋ. ಮತ್ತೆ ನನಗೆ ಹೇಳು, ಎಷ್ಟು ಹೊತ್ತಾದರೂ. ನಾನು ‘ನೀನೇನು ಮಾಡಿದೆ’ ಅಂತ ಕೇಳುವುದಿಲ್ಲ.

ಇನ್ನೊಂದು ಮಾತು, ನಿನಗೆ ಇಷ್ಟ ಆಗಲಿಕ್ಕಿಲ್ಲ. ನಿನ್ನ ಕೈಕೆಳಗೆ ಹೊಸದಾಗಿ ಒಬ್ಬಳು ಸೇರಿದ್ದಾಳಲ್ಲ, ಅವಳಿಗೆ ನೀನು ರಾತ್ರಿ ಹನ್ನೆರಡಕ್ಕೆ ‘ಅರ್ಜೆಂಟ್ ಏನಿಲ್ಲ’ ಅಂತ ಮೆಸೇಜ್ ಹಾಕಿದ್ದನ್ನೂ ನಾನು ನೋಡಿದೆ. ಅರ್ಜೆಂಟ್ ಇಲ್ಲ ಅನ್ನುವುದು ನಿನಗೆ ಗೊತ್ತು. ಅವಳಿಗೆ ಕಂಡಿದ್ದು ನಿನ್ನ ಹೆಸರು, ಆ ಹೊತ್ತು. ಅವಳ ಕತ್ತೂ ಬಿಗಿಯಾಗಿರುತ್ತದೆ. ಬರೆದಿಟ್ಟು ಬೆಳಗ್ಗೆ ಕಳಿಸು.

ಎಲ್ಲವನ್ನೂ ನಾಳೆಯೇ ಮಾಡು ಅನ್ನುವುದಿಲ್ಲ. ಸೇರಿ ಒಂದೂವರೆ ವರ್ಷ, ಮೇಲಿನವರು ಮೇಲಿನವರೇ, ಸಾಲದ ಕಂತು ಇದೆ. ಒಂದು ಚಿಕ್ಕದರಿಂದ ಶುರು ಮಾಡು, ಜಾಸ್ತಿ ಭಯ ಹುಟ್ಟಿಸದ ಒಬ್ಬರ ಹತ್ತಿರ.

ಬೇಕಾದರೆ ನನ್ನಿಂದಲೇ ಶುರು ಮಾಡು. ನಾನು ಮಧ್ಯಾಹ್ನ ಮೂರಕ್ಕೆ ಫೋನ್ ಮಾಡಿದಾಗ ನೀನು ಮೀಟಿಂಗ್‌ನಿಂದ ಎದ್ದು ಹೊರಗೆ ಬಂದು ಮಾತಾಡುತ್ತೀಯ. ಆ ಪಿಸುದನಿ ನನಗೆ ಗೊತ್ತಾಗುತ್ತದೆ, ಗೊತ್ತಾಗಿಯೂ ಇಷ್ಟು ದಿನ ಮಾತು ಮುಂದುವರಿಸಿದ್ದೇನೆ, ಅದು ನನ್ನ ತಪ್ಪು. ಇನ್ನು ಮೇಲೆ ಎತ್ತಬೇಡ. ‘ಅಮ್ಮ, ಈಗ ಆಗಲ್ಲ, ಎಂಟಕ್ಕೆ ಮಾಡ್ತೀನಿ’ ಅಂತ ಒಂದು ಸಾಲು ಹಾಕು. ನನಗೆ ಸ್ವಲ್ಪ ಬೇಜಾರಾಗಬಹುದು, ಸಂಜೆಯೊಳಗೆ ಹೋಗುತ್ತದೆ. ಎಂಟಕ್ಕೆ ಫೋನ್ ಪಕ್ಕದಲ್ಲೇ ಇರುತ್ತೇನೆ.

ನಿನ್ನ ಅಮ್ಮ