ಶಾಖಾ ಗ್ರಂಥಾಲಯವನ್ನು ನಮ್ಮ ಬೀದಿಯಲ್ಲೇ ಉಳಿಸಿಕೊಡಿ

ಇವರಿಗೆ,
ಅಧ್ಯಕ್ಷರು ಮತ್ತು ಸದಸ್ಯರು,
ನಗರ ಗ್ರಂಥಾಲಯ ಪ್ರಾಧಿಕಾರ, ಬೆಂಗಳೂರು.

ವಿಷಯ: ಬಡಾವಣೆಯ ಶಾಖಾ ಗ್ರಂಥಾಲಯವನ್ನು ಸ್ಥಳಾಂತರಿಸದಿರುವಂತೆ ಕೋರಿ ಮನವಿ.

ಮಾನ್ಯರೇ,

ಪಾರ್ಕಿನ ಪಕ್ಕದ ನಮ್ಮ ಗ್ರಂಥಾಲಯವನ್ನು ಮುಖ್ಯರಸ್ತೆಯಾಚೆಯ ಕಾಂಪ್ಲೆಕ್ಸಿನ ಎರಡನೇ ಮಹಡಿಗೆ ಸಾಗಿಸುತ್ತಾರೆ ಎಂದು ಕೇಳಿದ್ದೇವೆ. ಅಲ್ಲಿ ಜಾಗ ಜಾಸ್ತಿ ಇದೆ, ನಿಜ. ಆದರೆ ಇಲ್ಲಿಗೆ ಬರುವವರು ಅಲ್ಲಿಗೆ ಬರುವುದಿಲ್ಲ.

ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆಯೇ ಮೆಟ್ಟಿಲ ಮೇಲೆ ಏಳೆಂಟು ಹಿರಿಯರು ಕೂತಿರುತ್ತಾರೆ. ಒಂದೇ ಪತ್ರಿಕೆಯನ್ನು ಬಿಡಿಸಿ, ಹಾಳೆ ಹಾಳೆ ಹಂಚಿಕೊಂಡು ಓದುತ್ತಾರೆ. ಕ್ರೀಡಾ ಪುಟ ಮೊದಲು ಯಾರ ಕೈಗೆ ಹೋಗಬೇಕು ಅನ್ನೋದು ಎಲ್ಲರಿಗೂ ಗೊತ್ತು. ಹೋದ ಮಳೆಗಾಲದಲ್ಲಿ ಅವರಲ್ಲೊಬ್ಬರು ಎರಡು ದಿನ ಬರಲಿಲ್ಲ. ಮೂರನೇ ದಿನ ಉಳಿದವರು ಮನೆಗೆ ಹೋಗಿ ನೋಡಿದರೆ, ಬಚ್ಚಲಲ್ಲಿ ಜಾರಿಬಿದ್ದು, ಕಾಲು ಊದಿ, ಒಬ್ಬರೇ ಮಲಗಿದ್ದರು. ಆಟೋ ಕರೆದು ಆಸ್ಪತ್ರೆಗೆ ಸೇರಿಸಿದ್ದು ಇದೇ ಪತ್ರಿಕೆ ಓದುವ ಗೆಳೆಯರು.

ಸಂಜೆ ಬೇರೆ ಮಂದಿ. ಮನೆಕೆಲಸಕ್ಕೆ ಹೋಗುವ ತಾಯಂದಿರು ಮಕ್ಕಳನ್ನು ಇಲ್ಲಿ ಕೂರಿಸಿ ಹೋಗುತ್ತಾರೆ. ಎಫ್‌ಡಿಎ, ಪಿಡಿಒ ಥರದ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವ ಹುಡುಗಿಯರು ಆ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾರೆ. ಯಾರೂ ಹೇಳಿ ಮಾಡಿಸಿದ್ದಲ್ಲ. ಹೊಸ ಸದಸ್ಯರು ಸೇರುವುದೂ ಹೀಗೇ: ಬೋರ್ಡ್ ನೋಡಿ ಒಳಗೆ ಬಂದವರು ಕಮ್ಮಿ, ಪಕ್ಕದ ಮನೆಯವರು ಕರೆದರು ಅಂತ ಬಂದವರೇ ಜಾಸ್ತಿ. ಈ ಕರೆ ರಸ್ತೆಯಾಚೆಗೆ ಕೇಳಿಸುತ್ತದೆಯೇ?

ಓದುಗರ ಸಮಯ ಉಳಿಸಬೇಕು ಎಂದು ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ 1931ರಲ್ಲೇ ಬರೆದರು. ಅವರು ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಲ್ಲೇ ಅಲ್ವಾ? ಎಪ್ಪತ್ತು ದಾಟಿದವರು ಆ ಟ್ರಾಫಿಕ್ಕಿನಲ್ಲಿ ರಸ್ತೆ ದಾಟಿ, ಎರಡು ಮಹಡಿ ಹತ್ತಬೇಕು ಅಂದರೆ ಸಮಯದ ಮಾತು ಹಾಗಿರಲಿ, ಅವರು ಮನೆಯಲ್ಲೇ ಉಳಿದುಬಿಡುತ್ತಾರೆ.

1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆ ಶೇ. 6ರಷ್ಟು ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ. ಆ ಹಣದಲ್ಲಿ ಈಗಿನ ಕಟ್ಟಡದ ಸೋರುವ ಚಾವಣಿ ರಿಪೇರಿ ಮಾಡಿಸಿ, ಇನ್ನೆರಡು ಬೆಂಚು ಹಾಕಿಸಿಕೊಡಿ. ಸ್ಥಳಾಂತರದ ಬಗ್ಗೆ ತೀರ್ಮಾನ ಮಾಡುವ ಮೊದಲು ದಯವಿಟ್ಟು ಒಮ್ಮೆ ಇಲ್ಲಿಗೇ ಬಂದು ಓದುಗರ ಜೊತೆ ಮಾತಾಡಿ. ಸೋಮವಾರ ರಜೆ, ಬೇರೆ ಯಾವ ದಿನವಾದರೂ ಸರಿ.

ಸಹಿಗಳ ಹಾಳೆ ಲಗತ್ತಿಸಿದ್ದೇವೆ. ಅದರಲ್ಲಿ ಎರಡು ಹೆಬ್ಬೆಟ್ಟಿನ ಗುರುತುಗಳಿವೆ. ಮೊಮ್ಮಕ್ಕಳ ಪುಸ್ತಕ ಬದಲಾಯಿಸಲು ವಾರ ವಾರ ತಪ್ಪದೆ ಬರುವ ಅಜ್ಜಿಯರವು.

ಇಂತಿ,
ಬಡಾವಣೆಯ ನಿವಾಸಿಗಳು ಮತ್ತು ಓದುಗರು